ಅಚ್ಚು ಕೊಂಡವರು, ಅಚ್ಚು ಕಲಿತವರು

ಚೀನಾದ ನಮೂನೆ ನಾಣ್ಯವೊಂದು ಹರಾಜಿಗೆ ಬಂದಾಗಲೆಲ್ಲ ಅದರ ಅಪೂರ್ವತೆ ಮತ್ತು ಬೆಲೆಯ ಬಗೆಗೇ ಚರ್ಚೆ ನಡೆಯುತ್ತದೆ. ಒಪ್ಪಿಗೆಗಾಗಿ ಕೆಲವೇ ಪ್ರತಿಗಳಲ್ಲಿ ಟಂಕಿಸಲಾದ ಈ ನಾಣ್ಯಗಳು ಸಂಗ್ರಾಹಕರ ಪಾಲಿಗೆ ಕಲಾಕೃತಿಗಳು. ಉದ್ಯಮಿಯ ಕಣ್ಣಿಗಾದರೋ ಅವುಗಳಲ್ಲಿ ಬಹಳಷ್ಟು ವಿದೇಶಿ ತಯಾರಕರು ಗಿರಾಕಿಯ ಮುಂದಿಟ್ಟ ಸ್ಯಾಂಪಲ್‌ಗಳಾಗಿ ಕಾಣಬೇಕು.

19ನೆಯ ಶತಮಾನದ ಕೊನೆಯಲ್ಲಿ ಚೀನಾದ ಬಂದರುಗಳ ವ್ಯವಹಾರ ಹೆಚ್ಚಾಗಿ ಮೆಕ್ಸಿಕೋದ ಬೆಳ್ಳಿ ಡಾಲರಿನಲ್ಲಿ ನಡೆಯುತ್ತಿತ್ತು. (1895ರಿಂದ ಮುಂಬಯಿ ಟಂಕಸಾಲೆಯೂ ಆ ಕಡೆಯ ಬಂದರುಗಳಿಗೆಂದೇ ಬ್ರಿಟಿಷ್ ವ್ಯಾಪಾರಿ ಡಾಲರುಗಳನ್ನು ಮುದ್ರಿಸಿ ಕಳುಹಿಸುತ್ತಿತ್ತು.) ಈ ಪರಾವಲಂಬನೆಯನ್ನು ತಪ್ಪಿಸಲು ಗ್ವಾಂಗ್‌ಡಾಂಗ್ ಪ್ರಾಂತದ ಅಧಿಪತಿ ಝಾಂಗ್ ಝಿಡಾಂಗ್ ಆಧುನಿಕ ಟಂಕಸಾಲೆಯನ್ನು ಸ್ಥಾಪಿಸಹೊರಟ. ಯಂತ್ರಗಳು ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಯವು; ಮೊದಲ ಅಚ್ಚುಗಳನ್ನು ಕೊರೆದವನು ಲಂಡನ್ನಿನ ಆಲನ್ ವಯಾನ್. ಕೆತ್ತನೆಯಲ್ಲಿ ಕೊರತೆಯೇನೂ ಇರಲಿಲ್ಲ. ಕೊರತೆಯಿದ್ದುದು ನಿರ್ಧಾರದಲ್ಲಿ. ಮೆಕ್ಸಿಕೋದ ನಾಣ್ಯಕ್ಕಿಂತ ತುಸು ಭಾರವಿದ್ದರೆ ಜನ ಇದನ್ನೇ ಬಯಸುವರೆಂದು 1889ರ ಡಾಲರಿಗೆ 7 ಮೇಸ್ 3 ಕ್ಯಾಂಡರೀನ್ ತೂಕ ಗೊತ್ತುಮಾಡಲಾಯಿತು. ಒಂದೇ ಬೆಲೆಗೆ ಹೆಚ್ಚು ಬೆಳ್ಳಿ ಸಿಗುವ ನಾಣ್ಯ ಗಲ್ಲಾಪೆಟ್ಟಿಗೆಯಲ್ಲಿ ನಿಲ್ಲದು, ಕುಲುಮೆಗೆ ಹೋಗುತ್ತದೆ. ಇದು ಯಾವ ಚಿನಿವಾರನಿಗೂ ತಿಳಿದ ಸಂಗತಿ. ಸಾಲದುದಕ್ಕೆ ಚಕ್ರವರ್ತಿಯ ಆಳ್ವಿಕೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳು ಸುತ್ತುವರಿದಿದ್ದವು. ಕಡೆಗೆ ತೂಕವನ್ನು 7 ಮೇಸ್ 2 ಕ್ಯಾಂಡರೀನಿಗೆ ಇಳಿಸಿ, ಇಂಗ್ಲಿಷ್ ಅಕ್ಷರಗಳನ್ನು ಡ್ರ್ಯಾಗನ್ ಇರುವ ಬದಿಗೆ ಸಾಗಿಸಬೇಕಾಯಿತು. ಅಂದಿನ ಆ ತಪ್ಪೆಣಿಕೆಯೇ ಇಂದಿನ ಸಂಗ್ರಾಹಕರ ದುರ್ಲಭ ವಸ್ತು.

ಟಿಯಾಂಜಿನ್ ಟಂಕಸಾಲೆ ಹಿಡಿದ ದಾರಿ ಬೇರೆ. ಅದು ಅಚ್ಚನ್ನು ತರಿಸುವ ಬದಲು ಅಚ್ಚು ಕೊರೆಯುವವನನ್ನೇ ಕರೆಸಿಕೊಂಡಿತು. ಇಟಲಿಯ ಲುಯಿಜಿ ಜಾರ್ಜಿ ಅಲ್ಲಿಯೇ ನೆಲೆಸಿ ಕೆಲಸ ಮಾಡಿದ, ಸ್ಥಳೀಯ ಶಿಷ್ಯರನ್ನೂ ತಯಾರುಮಾಡಿದ. 1914ರ ಯುವಾನ್ ಷಿಕಾಯ್ ಡಾಲರು ಅವನ ಕೈಕೆಲಸ. ಅವನ ಸಹಿಯುಳ್ಳ ನಮೂನೆಗಳು ವಿರಳವಾಗಿವೆ; ಸಹಿಯಿಲ್ಲದ ನಾಣ್ಯವಾದರೋ ಹಲವು ಟಂಕಸಾಲೆಗಳಿಂದ ಕೋಟಿಗಟ್ಟಲೆ ಹೊರಬಿದ್ದು ವಿದೇಶಿ ಡಾಲರುಗಳನ್ನು ಪೇಟೆಯಿಂದ ಹಿಂದಕ್ಕೆ ಸರಿಸಿತು. ವೆಚ್ಚದ ದೃಷ್ಟಿಯಿಂದಲೂ ಇದೇ ವಿವೇಕದ ಮಾರ್ಗ. ಹೀಗಿದ್ದೂ 1929ರಲ್ಲಿ ಸನ್ ಯಾತ್-ಸೆನ್ ಡಾಲರಿಗಾಗಿ ಆಸ್ಟ್ರಿಯ, ಇಟಲಿ, ಬ್ರಿಟನ್, ಅಮೆರಿಕ, ಜಪಾನ್ ದೇಶಗಳಿಂದ ಮತ್ತೆ ನಮೂನೆಗಳನ್ನು ತರಿಸಿದ್ದು ಅಚ್ಚರಿಯೇ ಸರಿ. ಅವುಗಳಲ್ಲಿ ಒಂದೂ ಚಲಾವಣೆಗೆ ಬರಲಿಲ್ಲ.

ಈಗ ಕಾಲಚಕ್ರ ಉರುಳಿದೆ. ಪ್ಲಾಸ್ಟಿಕ್ ಹಾಗೂ ಎರಕದ ಸರಕು ತಯಾರಿಸುವ ಭಾರತದ ಅನೇಕ ಸಣ್ಣ ಘಟಕಗಳು ಚೀನಾದಿಂದಲೇ ಅಚ್ಚುಗಳನ್ನು ತರಿಸುತ್ತಿವೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಝಾಂಗ್ ಕೂಡ ಅಷ್ಟನ್ನೇ ಮಾಡಿದ. ಆದರೆ ಅಚ್ಚಿನೊಡನೆ ಅದರ ನಕ್ಷೆಯೂ ಬರುವುದೇ, ಸವೆದಾಗ ಅದನ್ನು ಇಲ್ಲಿಯೇ ತಿದ್ದಬಲ್ಲ ಕೆಲಸಗಾರನಿರುವನೇ ಎಂಬ ಪ್ರಶ್ನೆಗಳನ್ನು ಮುಂಗಡ ಹಣ ಕಟ್ಟುವ ಮುನ್ನವೇ ಕೇಳಬೇಕಾಗುತ್ತದೆ. ಮೊದಲ ಅಚ್ಚು ಸವೆದ ಮೇಲೆ ಕೇಳಿದರೆ ಉತ್ತರ ಹೊಸ ಬಿಲ್ಲಿನ ರೂಪದಲ್ಲಿಯೇ ಬರುತ್ತದೆ.