ಹೆದರಬೇಕಾದದ್ದು ಯಾರಿಗೆ?



12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವಯ್ಯನವರ ಮಗಳನ್ನು ಕೊಟ್ಟು ಮದುವೆಯಾಯಿತು. ಕಂಡರಿಯದ ಆ ನಡೆಗೆ ಪಟ್ಟಣವೇ ಬೆದರಿತು. ಬಿಜ್ಜಳನು ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದನೆಂದು ಶರಣಪರಂಪರೆ ಹೇಳುತ್ತದೆ. ಮದುವೆಯನ್ನು ಅನಾಹುತವೆಂದವರು ಆ ಕ್ರೌರ್ಯವನ್ನು ನ್ಯಾಯವೆಂದರು.

ಅದೇ ಕಲ್ಯಾಣವಿರುವ ಬೀದರ್ ಜಿಲ್ಲೆಯಲ್ಲಿ, 2018ರ ಜುಲೈ 13ರಂದು, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಹಬ್ಬಿತು. ಮುರ್ಕಿಯಲ್ಲಿ ಗುಂಪು ಅವರ ಮೇಲೆರಗಿತು, ಒಬ್ಬರು ಅಸುನೀಗಿದರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿಯೂ ತನ್ನಷ್ಟಕ್ಕೆ ಮಾತಾಡುತ್ತ ನಡೆವವನನ್ನು ಕಂಡರೆ ಮಕ್ಕಳ ಕೈಯನ್ನು ಬಿಗಿಹಿಡಿಯುತ್ತೇವೆ. ಬಂದೂಕು ಹೊತ್ತವರ ಸಾಲು ಸಾಗಿದರೆ ಅದೇ ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತೇವೆ. ಸಮವಸ್ತ್ರವನ್ನು ಗೌರವಿಸುವುದು ತಪ್ಪಲ್ಲ. ಆದರೆ ಪ್ರಾಣ ತೆಗೆಯಬಲ್ಲ ಶಕ್ತಿ ಇಬ್ಬರಲ್ಲಿ ಯಾರ ಕೈಯಲ್ಲಿದೆ? ಬೆಳೆ ಕಾಯುವ ಕೋವಿಗೂ ಪರವಾನಗಿ ಬೇಕು, ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು ಎಂಬುದನ್ನು ನಮ್ಮ ರೈತರು ಬಲ್ಲರು. ಆಯುಧಕ್ಕೆ ಲೆಕ್ಕವಿರಬೇಕೆಂಬ ಈ ವಿವೇಕವು ಅಧಿಕಾರದ ಆಯುಧಕ್ಕೂ ಸಲ್ಲಬೇಕು.

ಬಂದವನನ್ನು ಯಾರವನೆಂದು ಕೇಳದೆ ಮನೆಮಗನಂತೆ ಕಾಣಲು ಬಸವಣ್ಣನವರು ಕಲಿಸಿದರು. ವಿಚಿತ್ರವಾಗಿ ನಡೆವವನನ್ನು ಮೊದಲು ಆಸರಿಗೆ ಬೇಕೇ ಎಂದು ಕೇಳೋಣ. ಯಾರ ಅಪ್ಪಣೆ, ಏನು ಕಾರಣ ಎಂಬ ಪ್ರಶ್ನೆಯನ್ನು ಆಯುಧ ಹಿಡಿದವನಿಗಾಗಿ ಇಟ್ಟುಕೊಳ್ಳೋಣ.