ಚಟ್ನಿಗೆ ಅಡ್ಡಿಯಿಲ್ಲ, ಜಾಹೀರಾತಿಗೆ ಲಗಾಮು ಬೇಕು

ಮುಟ್ಟು ನಿಂತ ಹೆಂಗಸರ ಭಯ ಈಗ ಭರ್ಜರಿ ವ್ಯಾಪಾರ. ಹೈದರಾಬಾದಿನ ಕೊಂಡಾಪುರದಲ್ಲಿ ಐಟಿ ಉದ್ಯೋಗದ ಮಕ್ಕಳೊಂದಿಗೆ ನೆಲೆಸಿರುವ ನಮ್ಮ ತಾಯಂದಿರ ಮೊಬೈಲಿಗೂ ಮೂಳೆ ಗಟ್ಟಿ ಮಾಡುವ ಗಿಡಮೂಲಿಕೆ ಮಾತ್ರೆಗಳ ಜಾಹೀರಾತು ಬರುತ್ತಲೇ ಇರುತ್ತದೆ.

ಭಯ ಸುಳ್ಳಲ್ಲ. ಈಸ್ಟ್ರೋಜೆನ್ ಇಳಿದಾಗ ಮೂಳೆ ಸವೆಯುವ ವೇಗ ಹೆಚ್ಚುತ್ತದೆ. ಆದರೆ ಮಾತ್ರೆ ಕೊಳ್ಳುವ ಮುನ್ನ ಅದೇ ಊರಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಲೆಕ್ಕ ನೋಡಿ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎಂದು ಅದು 2020ರಲ್ಲಿ ಹೇಳಿದೆ. ಅದರದೇ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364, ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 590, 20 ಗ್ರಾಂ ಬಿಳಿ ಎಳ್ಳಿನಲ್ಲಿ ಸುಮಾರು 250 ಮಿಲಿಗ್ರಾಂ ಇದೆ. ರಾಗಿ, ಎಳ್ಳಿನ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತದು ನಿಜ; ರಾಗಿ ಮೊಳಕೆ ಕಟ್ಟಿದರೆ, ನುಗ್ಗೆಸೊಪ್ಪು ಸೇರಿಸಿದರೆ ಆ ಕೊರತೆ ಸ್ವಲ್ಪಮಟ್ಟಿಗೆ ತುಂಬುತ್ತದೆ. ಜೊತೆಗೆ ಬಿಸಿಲು, ನಡಿಗೆ ಬೇಕೇ ಬೇಕು.

ಇದು ಆಯುರ್ವೇದದ ಮೇಲಿನ ದ್ವೇಷವಲ್ಲ. ಇಂಗ್ಲಿಷ್ ಔಷಧದ ಕ್ಯಾಲ್ಸಿಯಂ ಮಾತ್ರೆಗೂ ಇದೇ ತಕ್ಕಡಿ. ಅಮೆರಿಕದಲ್ಲಿ 36,282 ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳಿಂದ ಸೊಂಟದ ಮೂಳೆಮುರಿತ ಖಚಿತವಾಗಿ ತಗ್ಗಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಶೇ. 17ರಷ್ಟು ಹೆಚ್ಚಿತು. ಅಷ್ಟು ದೊಡ್ಡ ಪರೀಕ್ಷೆಗೆ ಈ ಗಿಡಮೂಲಿಕೆ ಮಾತ್ರೆಗಳು ಒಡ್ಡಿಕೊಂಡೇ ಇಲ್ಲ. ಇಂಥ ಮಾತ್ರೆಗಳಲ್ಲಿ ಬಳಸುವ ಮಂಗರಬಳ್ಳಿಯ ಚಟ್ನಿ ನಮ್ಮ ಊಟ, ಸಂತೋಷವಾಗಿ ತಿನ್ನೋಣ. ಅದನ್ನೇ ಪುಡಿ ಮಾಡಿ ಡಬ್ಬಿಗೆ ತುಂಬಿ, ಮೂಳೆ ಸವೆತ ವಾಸಿ ಎಂದು ಮಾರುವವರು ಪುರಾವೆ ಕೊಡಲೇಬೇಕು. ಆಹಾರ ಪೂರಕ ಎಂದು ಮಾರುವ ಡಬ್ಬಿಯ ಮೇಲೆ ಔಷಧವಾಗಿ ಬಳಸಬಾರದೆಂಬ ಎಚ್ಚರಿಕೆ ಇರಬೇಕೆನ್ನುತ್ತದೆ ಕಾನೂನು. ಜಾಹೀರಾತು ಹೇಳುವುದು ಬೇರೆಯೇ.

ತಡೆಯಬೇಕಾದ ಸರ್ಕಾರವೇ ಹಿಂದೆ ಸರಿದಿದೆ. ಆಯುಷ್ ಔಷಧಗಳ ಜಾಹೀರಾತಿಗೆ ಮೊದಲೇ ರಾಜ್ಯದ ಪರವಾನಗಿ ಅಧಿಕಾರಿಯ ಒಪ್ಪಿಗೆ ಬೇಕೆಂಬ 170ನೇ ನಿಯಮ 2018ರಲ್ಲಿ ಬಂತು. 2024ರ ಜುಲೈನಲ್ಲಿ ಕೇಂದ್ರ ಅದನ್ನು ಕೈಬಿಟ್ಟಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತಾದರೂ 2025ರ ಆಗಸ್ಟ್‌ನಲ್ಲಿ ಪ್ರಕರಣ ಮುಗಿದು ತಡೆಯೂ ತೆರವಾಯಿತು. ವ್ಯಾಪಾರಿಗೆ ಸಲೀಸಾಯಿತು, ರೋಗಿಗೆ ರಕ್ಷಣೆ ತಪ್ಪಿತು.

ಮೂಳೆ ಮುರಿದಿದ್ದರೆ, ಸ್ಟೀರಾಯ್ಡ್ ಸೇವಿಸುತ್ತಿದ್ದರೆ ವೈದ್ಯರನ್ನು ಕಂಡು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ. 170ನೇ ನಿಯಮವನ್ನು ಕೇಂದ್ರ ಮತ್ತೆ ಜಾರಿಗೆ ತರಲಿ. ಅಲ್ಲಿಯವರೆಗೆ ಜಾಹೀರಾತು ನಂಬಿ ದುಡ್ಡು ಸುರಿಯಬೇಡಿ.