ಕೊಟ್ಟಿಗೆಯ ಜೀಪು, ಗುಡ್ಡದ ಹುಲ್ಲು

ಹಳೆಯ ಜೀಪುಗಳನ್ನು ಮನೆಯ ಕೊಟ್ಟಿಗೆಯಲ್ಲಿಯೇ ಬಿಚ್ಚಿ, ಎತ್ತರಿಸಿ, ದಪ್ಪ ಹಲ್ಲಿನ ಟೈರುಗಳನ್ನು ತೊಡಿಸಿ ಗುಡ್ಡ ಹತ್ತಿಸುವ ಹವ್ಯಾಸವು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯುವಕರಲ್ಲಿ ಬೆಳೆಯುತ್ತಿರುವುದರ ಬಗ್ಗೆ ನಮ್ಮ ಸಭೆಗಳಲ್ಲಿ ಚರ್ಚೆ ನಡೆಯುತ್ತಲೇ ಇದೆ. ಇಂತಹ ವಾಹನಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳಬೇಕೆಂದು ಸಾರಿಗೆ ಇಲಾಖೆಗೆ ಮನವಿ ಸಲ್ಲಿಸೋಣವೆಂಬ ಸಲಹೆಯೂ ಬಂದಿದೆ. ಆ ಮನವಿಗೆ ಸಹಿ ಹಾಕಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಗುಡ್ಡಕ್ಕೆ ಆಗುತ್ತಿರುವ ಹಾನಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹಾನಿಯ ಮೂಲವನ್ನು ನಾವು ಬೇರೆಲ್ಲೋ ಹುಡುಕುತ್ತಿದ್ದೇವೆಂಬ ಶಂಕೆ ನನ್ನದು.

ಹಳೆಯ ಬಂಡಿಯೊಂದನ್ನು ಕೈಯಾರೆ ತಿದ್ದಿ ದಾರಿಯಿಲ್ಲದ ಕಡೆ ಓಡಿಸುವ ಚಟ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದ ಪಶ್ಚಿಮ ಭಾಗದಲ್ಲಿ, ಆಸ್ಟ್ರೇಲಿಯಾದಲ್ಲಿ ಹಳೆಯ ಸುಬಾರು ಕಾರುಗಳನ್ನು ಮನೆಯಂಗಳದಲ್ಲಿಯೇ ಎತ್ತರಿಸಿ ಮರುಭೂಮಿಗೂ ಬೆಟ್ಟಕ್ಕೂ ನುಗ್ಗಿಸುವವರು ಬಹಳ ಮಂದಿಯಿದ್ದಾರೆ. ಆ ಕಂಪನಿಯ ‘ಫಾರೆಸ್ಟರ್’ ಎಂಬ ಮಾದರಿಯು 2004ರ ಸುಮಾರಿಗೆ ಷೆವ್ರೊಲೆ ಹೆಸರು ಹೊತ್ತು ನಮ್ಮ ದೇಶಕ್ಕೂ ಬಂದು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. (ನಮ್ಮ ಕಡೆ ಫಾರೆಸ್ಟರ್ ಎಂದರೆ ಇಂದಿಗೂ ಖಾಕಿ ಧರಿಸಿದ ಮನುಷ್ಯನೇ ಹೊರತು ಕಾರಲ್ಲ.) ಅಲ್ಲಿ ಸುಬಾರುವಿಗೆ ಇರುವ ಸ್ಥಾನ ಇಲ್ಲಿ ಜೀಪಿಗೆ ಇದೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ವಿಲ್ಲೀಸ್ ಜೀಪನ್ನು ಮಹೀಂದ್ರ ಕಂಪನಿಯು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅಂದಿನಿಂದ ಎಂ.ಎಂ. 540ರ ಡೀಸೆಲ್ ಜೀಪುಗಳವರೆಗೆ, ಮುಂದೆ 1985ರಲ್ಲಿ ಬಂದ ಮಾರುತಿ ಜಿಪ್ಸಿಯವರೆಗೆ ಮಲೆನಾಡಿನ ಬದುಕು ಈ ವಾಹನಗಳ ಬೆನ್ನ ಮೇಲೆಯೇ ಸಾಗಿದೆ. ಲಿಂಗದಹಳ್ಳಿಯಿಂದ ಮೇಲಿನ ತೋಟಗಳಿಗೆ ಗೊಬ್ಬರ ಏರಿದ್ದು, ಅಲ್ಲಿಂದ ಕಾಫಿ, ಮೆಣಸಿನ ಮೂಟೆಗಳು ಇಳಿದದ್ದು, ಆಷಾಢದ ಮಳೆಯಲ್ಲಿ ಹೆರಿಗೆ ನೋವೆದ್ದ ಹೆಂಗಸನ್ನು ಆಸ್ಪತ್ರೆ ಮುಟ್ಟಿಸಿದ್ದು ಎಲ್ಲವೂ ಫೋರ್ ವೀಲ್ ಜೀಪಿನಿಂದಲೇ. ಅದು ಕೆಟ್ಟರೆ ಕಂಪನಿಯ ಕಾರ್ಖಾನೆಗೆ ಕಳುಹಿಸುವ ಪದ್ಧತಿಯೇ ಇರಲಿಲ್ಲ. ಊರಿನ ಮೇಸ್ತ್ರಿಯೇ ಗುಜರಿಯಿಂದ ಹೌಸಿಂಗು ತಂದು, ಕಮಾನು ಪಟ್ಟಿಗೆ ಇನ್ನೊಂದು ಎಲೆ ಸೇರಿಸಿ, ಸೈನ್ಯದ ಹರಾಜಿನಲ್ಲಿ ಸಿಕ್ಕ ಗೇರುಪೆಟ್ಟಿಗೆಯನ್ನು ಕೂರಿಸಿ ಬಂಡಿಯನ್ನು ಮತ್ತೆ ದಾರಿಗೆ ಬಿಡುತ್ತಿದ್ದನು. ನಲವತ್ತು ವರ್ಷ ಹಳೆಯ ಯಂತ್ರವನ್ನು ಎಸೆಯದೆ ಬಾಳಿಸುವ ಈ ವಿದ್ಯೆಯನ್ನು ಪರಿಸರದ ಹೆಸರಿನಲ್ಲಿ ಮಾತನಾಡುವ ನಾವು ಮೆಚ್ಚಬೇಕಲ್ಲದೆ ಕಳ್ಳತನವೆಂಬಂತೆ ನೋಡಬಾರದು. ಹೊಸದೊಂದು ವಾಹನವನ್ನು ತಯಾರಿಸಲು ಬೇಕಾಗುವ ಕಬ್ಬಿಣದ ಅದಿರು ಎಂತಹ ಬೆಟ್ಟಗಳಿಂದ ಬರುತ್ತದೆಂಬುದು ಕುದುರೆಮುಖವನ್ನೂ ಕೆಮ್ಮಣ್ಣುಗುಂಡಿಯನ್ನೂ ಕಂಡವರಿಗೆ ಹೇಳಬೇಕಾಗಿಲ್ಲ. ಭದ್ರಾವತಿಯ ಕುಲುಮೆಗೆ ಅದಿರು ಹೋಗಿದ್ದು ಇದೇ ಕೆಮ್ಮಣ್ಣಿನಿಂದ.

ಇನ್ನು ಕೊಟ್ಟಿಗೆಯಲ್ಲಿ ನಡೆಯುವ ಮಾರ್ಪಾಡಾದರೂ ಏನು? ಷಾಕಲ್ ಉದ್ದ ಮಾಡಿಯೋ, ಕಮಾನು ಪಟ್ಟಿಯನ್ನು ಆಕ್ಸಲಿನ ಕೆಳಗಿನಿಂದ ಮೇಲಕ್ಕೆ ತಂದೋ ಬಂಡಿಯನ್ನು ನಾಲ್ಕಾರು ಅಂಗುಲ ಎತ್ತರಿಸುತ್ತಾರೆ. ಎತ್ತರವಾದಷ್ಟೂ ದೊಡ್ಡ ಟೈರು ಹಿಡಿಸುತ್ತದೆ. ದೊಡ್ಡ ಟೈರು ಹಾಕಿದೊಡನೆ ಗೇರಿನ ಲೆಕ್ಕ ತಪ್ಪಿ ಎಂಜಿನ್ನು ಎಳೆಯಲಾರದಾಗುತ್ತದೆ. ವೇಗಮಾಪಕವು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಜಾಯಿಂಟು ಷಾಫ್ಟಿನ ಓರೆ ಹೆಚ್ಚಿ ಕ್ರಾಸುಗಳು ಬೇಗ ಸವೆಯುತ್ತವೆ. ಬ್ರೇಕಿನ ಕೊಳವೆ ಗಿಡ್ಡವಾಗುತ್ತದೆ. ಭಾರದ ಕೇಂದ್ರ ಮೇಲೇರಿ ತಿರುವಿನಲ್ಲಿ ಮಗುಚುವ ಭಯ ಕೂಡಿಕೊಳ್ಳುತ್ತದೆ. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದು. ಕೊನೆಗೆ ಬರುವುದು ಲಾಕರು. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಶಕ್ತಿಯೆಲ್ಲ ಅತ್ತಲೇ ಹರಿದು ಬಂಡಿ ನಿಂತುಬಿಡುತ್ತದೆ. ಲಾಕರು ಎರಡೂ ಚಕ್ರಗಳನ್ನು ಒಟ್ಟಿಗೆ ಕಟ್ಟಿಹಾಕುವುದರಿಂದ ಬಂಡಿ ಮುಂದೆ ಹೋಗುತ್ತದೆ.

ಆದರೆ ತೋಟದ ಜೀಪಿಗೆ ಇವುಗಳಲ್ಲಿ ಬಹುಪಾಲು ಬೇಕಾಗಿಯೇ ಇಲ್ಲ. ಲೋ ಗೇರು, ಒಳ್ಳೆಯ ಟೈರು, ಎಲ್ಲಿ ಕಾಲಿಡಬೇಕೆಂದು ತಿಳಿದ ಚಾಲಕ ಇದ್ದರೆ ಸಾಕು. ಜಾಣ ಚಾಲಕ ಕೆಸರಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸುತ್ತಾನೆ. ಆಗ ಟೈರು ಚಪ್ಪಟೆಯಾಗಿ ನೆಲದ ಮೇಲೆ ಭಾರ ಹರಡುತ್ತದೆ, ಹಿಡಿತ ಹೆಚ್ಚುತ್ತದೆ, ಗಾಲಿಯ ಗುರುತು ಆಳವಾಗುವುದಿಲ್ಲ. ಒಂದು ಕಾಸೂ ಖರ್ಚಿಲ್ಲದ ಈ ಉಪಾಯಕ್ಕೆ ಆಟದ ಮಂದಿಯಲ್ಲಿ ಅಷ್ಟು ಬೆಲೆಯಿಲ್ಲ. ಕೆಸರು ಚಿಮ್ಮಿದರೆ ಚಿತ್ರ ಚೆನ್ನಾಗಿ ಬರುತ್ತದೆಂಬುದೂ ಅದಕ್ಕೆ ಒಂದು ಕಾರಣವಿರಬೇಕು.

ಹಾನಿಯ ಪ್ರಶ್ನೆಗೆ ಬರೋಣ. ಚಂದ್ರದ್ರೋಣ ಪರ್ವತದ ನೆತ್ತಿಯ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು ಸೇರಿ ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಕೆಳಗೆ ಬಿಡುತ್ತವೆ. ಹುಲ್ಲಿನ ಬೇರಿನ ಹೆಣಿಗೆಯೇ ಆ ಇಳಿಜಾರಿನ ಮಣ್ಣಿಗೆ ಆಧಾರ. ಒದ್ದೆಯಾದ ಮಣ್ಣಿನ ಮೇಲೆ ವಾಹನವು ಮೊದಲ ಸಲ ಹಾದಾಗಲೇ ಮಣ್ಣು ಒತ್ತಿಹೋಗುವ ಕೆಲಸದ ಬಹುಪಾಲು ಮುಗಿದಿರುತ್ತದೆ. ಒತ್ತಿಹೋದ ಮಣ್ಣು ನೀರು ಕುಡಿಯುವುದಿಲ್ಲ. ಗಾಲಿ ಸುತ್ತಿ ಹುಲ್ಲಿನ ಹೊದಿಕೆ ಕಿತ್ತು ಹೋಗಿದ್ದರಂತೂ ಆ ಎರಡು ಗೆರೆಗಳೇ ಮುಂದಿನ ಮಳೆಗೆ ಕಾಲುವೆಗಳಾಗುತ್ತವೆ. ಗೆರೆ ಕೊರಕಲಾಗುತ್ತದೆ. ಕೊರಕಲಿನಲ್ಲಿ ಹೋಗಲಾಗದೆಂದು ಮುಂದಿನ ಜೀಪು ಅದರ ಪಕ್ಕದ ಹುಲ್ಲಿನ ಮೇಲೆ ಹಾಯುತ್ತದೆ. ಒಂದು ದಾರಿ ಮೂರಾಗುವುದು ಹೀಗೆ.

ಆ ಮಣ್ಣು ಎಲ್ಲಿಗೆ ಹೋಗುತ್ತದೆಂಬುದನ್ನು ಕಡೂರಿನವರು ವಿಶೇಷವಾಗಿ ಗಮನಿಸಬೇಕು. ಈ ಪರ್ವತದ ಪೂರ್ವ ಮಗ್ಗುಲಿನ ಹಳ್ಳಗಳೇ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ ಮದಗದ ಕೆರೆಯನ್ನೂ ತುಂಬಿಸಿ, ಮುಂದೆ ಕಡೂರಿನ ಬಳಿ ವೇದಾವತಿಯಾಗಿ ಹರಿದು, ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಮಳೆಗಾಲ ಕೈಕೊಟ್ಟ ವರ್ಷ ತೆಂಗಿನ ಸುಳಿ ಒಣಗುವ ತಾಲ್ಲೂಕಿಗೆ ಈ ಕೆರೆಗಳೇ ದಿಕ್ಕು. ಗುಡ್ಡದ ಮೇಲೆ ಒಂದು ಗೆರೆ ಕೊರೆದರೆ ಕೆಳಗಿನ ಕೆರೆಯಲ್ಲಿ ಅದರ ಪಾಲಿನ ಹೂಳು ಸೇರುತ್ತದೆ. ಕೆರೆಯ ಹೂಳಿಗೆ ಜೀಪೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಇಳಿಜಾರಿನಲ್ಲಿ ಚರಂಡಿಯ ವ್ಯವಸ್ಥೆಯನ್ನೇ ಮಾಡದೆ ಜೆ.ಸಿ.ಬಿ.ಯಿಂದ ಅಗೆಯುವ ರಸ್ತೆಗಳ ಪಾಲು ಬಹಳ ದೊಡ್ಡದು. ಅವುಗಳಲ್ಲಿ ಸರ್ಕಾರವೇ ಮಾಡಿಸಿದವೂ ಉಂಟು.

ಗುಡ್ಡದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಮರೆಯುವುದು ಬಯಲಿನ ಕಾವಲುಗಳನ್ನು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಸರಂಜಾಮನ್ನು ದಾರಿಯಿದ್ದಲ್ಲಿಯೂ ಇಲ್ಲದಲ್ಲಿಯೂ ವೇಗವಾಗಿ ಎಳೆದದ್ದು ಇದೇ ತಳಿಯ ಎತ್ತುಗಳು. ಆ ಕಾಲದ ಫೋರ್ ವೀಲ್ ಎಂದರೆ ಇವೇ ಎನ್ನಬಹುದು. ಅವುಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಅಜ್ಜಂಪುರದಲ್ಲಿ ಇಂದಿಗೂ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಅದರ ವಿಸ್ತಾರ 7 ಚದರ ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ಮರವಿಲ್ಲದ ಈ ನೆಲವನ್ನು ಕಂದಾಯ ದಾಖಲೆ ಬರೆಯುವವರು ಬರಡೆಂದು ತಿಳಿದರು. ಚಳ್ಳಕೆರೆಯ ಕಾವಲುಗಳು ಯಾರು ಯಾರ ಪಾಲಾದವೆಂಬುದು ಓದುಗರಿಗೆ ಗೊತ್ತಿದೆ. ಜೀಪಿನ ಹುಡುಗರೂ ಈಗ ಅದೇ ಕಣ್ಣಿನಿಂದ ಇದನ್ನು ಖಾಲಿ ಮೈದಾನವೆಂದು ನೋಡುತ್ತಿದ್ದಾರೆ. ಟಿಟ್ಟಿಭವೂ ಬಾನಾಡಿಗಳೂ ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳು. ಗೂಡೆಂಬುದು ನಾಲ್ಕು ಹರಳುಗಳ ನಡುವಿನ ಒಂದು ತಗ್ಗು. ಜೀಪಿನ ಮೇಲೆ ಕುಳಿತವನಿಗೆ ಅದು ಕಾಣುವುದೇ ಇಲ್ಲ.

ಈಗ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿತು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ಇದು ಯುಕ್ತವೇ. ಅಂದಾಜಿನ ಮೇಲೆ ಎತ್ತರಿಸಿದ ಜೀಪು ಬೀರೂರಿನ ಹೆದ್ದಾರಿಯಲ್ಲಿ ಎದುರಿಗೆ ಬರುವುದನ್ನು ಯಾರೂ ಬಯಸಲಾರರು.

ಆದರೆ ಈ ಕಾನೂನು ನೋಡುವುದು ಬಂಡಿಯನ್ನು. ಬಂಡಿ ಯಾವ ನೆಲದ ಮೇಲೆ ನಿಂತಿದೆಯೆಂಬುದನ್ನು ಅದು ಕೇಳುವುದಿಲ್ಲ. 2020ರಲ್ಲಿ ಬಂದ ಹೊಸ ಥಾರ್ ವಾಹನಕ್ಕೆ ಹಿಂಬದಿಯ ಲಾಕರು ಕಾರ್ಖಾನೆಯಿಂದಲೇ ದೊರೆಯಿತು. 2023ರಲ್ಲಿ ಜಿಮ್ನಿ ಬಂದಿತು. ಹತ್ತು ಲಕ್ಷಕ್ಕೂ ಮೇಲೆ ಹಣ ತೆತ್ತವನು ಒಂದು ಬೋಲ್ಟನ್ನೂ ಬದಲಿಸದೆ, ಎಲ್ಲ ಕಾಗದಪತ್ರಗಳೂ ಸರಿಯಿರುವಂತೆಯೇ, ಮೇಸ್ತ್ರಿ ತಿದ್ದಿದ ಹಳೆಯ ಜೀಪು ಹೋಗುವಲ್ಲಿಗೆಲ್ಲ ಹೋಗಬಲ್ಲನು. ನಮ್ಮ ಮನವಿ ಫಲಿಸಿದರೆ ಸಿಕ್ಕಿಬೀಳುವವನು ಯಾರು? ಗೊಬ್ಬರ ಹೊರಲೆಂದು ಕಮಾನಿಗೆ ಎರಡು ಎಲೆ ಹೆಚ್ಚಿಗೆ ಹಾಕಿಸಿದ ಲಿಂಗದಹಳ್ಳಿಯ ರೈತ, ಹದಿನೈದು ವರ್ಷ ದಾಟಿದ ಬಂಡಿಗೆ ಐದೈದು ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಲು ಅಲೆಯುವವನು. ವಾರಾಂತ್ಯದಲ್ಲಿ ಹೊಸ ಬಂಡಿಯಲ್ಲಿ ಬಂದು ಹುಲ್ಲಿನ ಮೇಲೆ ಸುತ್ತು ಹೊಡೆದವನು ಸಂಜೆಗೆ ಬೆಂಗಳೂರು ಸೇರಿರುತ್ತಾನೆ. ಇಂತಹ ಮನವಿಯನ್ನು ನಮ್ಮ ಹೆಸರಿನಲ್ಲಿ ಸಲ್ಲಿಸಿದರೆ ಗುಡ್ಡದ ಬುಡದ ಹಳ್ಳಿಗಳವರು ನಮ್ಮನ್ನು ಮತ್ತೆ ನಂಬಲಾರರು. ಹುಲಿ ಯೋಜನೆಯ ದಿನಗಳಿಂದ ಅವರಲ್ಲಿ ಉಳಿದಿರುವ ಅಪನಂಬಿಕೆಯೇ ಸಾಕಷ್ಟಿದೆ.

ಆದ್ದರಿಂದ ನಾವು ಹಿಡಿಯಬೇಕಾದುದು ನೆಲವನ್ನು, ಮತ್ತು ಋತುವನ್ನು. ಭದ್ರಾ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು 1972ರ ವನ್ಯಜೀವಿ ಕಾಯ್ದೆಯಂತೆ ಈಗಾಗಲೇ ಅಪರಾಧ. ಅಲ್ಲಿ ಬೇಕಾಗಿರುವುದು ಜಾರಿ ಮಾತ್ರ. ತೊಡಕಿರುವುದು ಅದರ ಹೊರಗಿನ ಕಂದಾಯ ಗುಡ್ಡಗಳಲ್ಲಿ ಮತ್ತು ಕಾವಲುಗಳಲ್ಲಿ. ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತವು 2025ರಲ್ಲಿ ಮುಂಗಡ ನೋಂದಣಿಯನ್ನೂ ಸಂಖ್ಯೆಯ ಮಿತಿಯನ್ನೂ ತಂದಿತು. ಡಾಂಬರು ರಸ್ತೆಯ ದಟ್ಟಣೆಗೆ ಅದು ಉತ್ತರವಾದೀತು. ರಸ್ತೆ ಬಿಟ್ಟು ಹುಲ್ಲಿಗಿಳಿಯುವ ಗಾಲಿಗೆ ಉತ್ತರವಾಗಲಾರದು. ರಸ್ತೆಯಿಂದ ಹುಲ್ಲಿಗೆ ಇಳಿಯುವ ಜಾಗಗಳು ನೂರಾರೇನಿಲ್ಲ. ದನಕರು ದಾಟುವಂತೆ, ಜೀಪು ದಾಟದಂತೆ ಅಲ್ಲಲ್ಲಿ ನಾಲ್ಕು ಗುಂಡುಕಲ್ಲು ನಿಲ್ಲಿಸುವ ಕೆಲಸ ಗ್ರಾಮ ಪಂಚಾಯಿತಿಯಿಂದಲೇ ಆಗಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ, ಮಣ್ಣು ನೀರುಂಡಿರುವ ಕಾಲದಲ್ಲಿ, ಮಣ್ಣುದಾರಿಗಳನ್ನು ವಿಹಾರದ ವಾಹನಗಳಿಗೆ ಪೂರ್ತಿ ಮುಚ್ಚಬೇಕು. ತೋಟದ ಮನೆಗಳಿಗೆ ಹೋಗುವವರಿಗೆ ಇದರಿಂದ ಬಾಧೆಯಾಗಕೂಡದು.

ಹಾಗಾದರೆ ಹುಡುಗರು ಎಲ್ಲಿಗೆ ಹೋಗಬೇಕೆಂದು ಕೇಳಬಹುದು. ಏಷ್ಯಾ–ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ಕಳೆದ ದಶಕದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳೊಳಗಿನ ದಾರಿಗಳಲ್ಲಿ ನಡೆದವು. ಖಾಸಗಿ ನೆಲ, ಮೊದಲೇ ಇದ್ದ ದಾರಿ, ಯಜಮಾನರ ಒಪ್ಪಿಗೆ, ನಿಗದಿತ ದಿನ: ಅಲ್ಲಿದ್ದ ಈ ಶಿಸ್ತು ಇಲ್ಲಿಯೂ ಸಾಧ್ಯ. ಕಲ್ಲು ತೆಗೆದು ಬಿಟ್ಟಿರುವ ಪಟ್ಟಾ ಜಮೀನುಗಳಲ್ಲಿ ಇಳಿಜಾರು, ಗುಂಡಿ, ಬಂಡೆ ಯಾವುದಕ್ಕೂ ಕೊರತೆಯಿಲ್ಲ. ಜೀಪು ಎತ್ತರಿಸುವ ಕೌಶಲವನ್ನು ತೋರಿಸಲು ಅದಕ್ಕಿಂತ ಕಠಿಣವಾದ ನೆಲ ಬೇಕೆನಿಸುವುದಿಲ್ಲ. ಲಾಕರಿಗೆ ಹಣ ಸುರಿಯುವ ಮೊದಲು ಟೈರಿನ ಗಾಳಿ ಇಳಿಸುವುದನ್ನು ಕಲಿಯಿರೆಂದು ಅವರಿಗೆ ಹೇಳಬಲ್ಲವರು ನಮ್ಮ ಹಳೆಯ ಮೇಸ್ತ್ರಿಗಳೇ. ನಮ್ಮ ಮಾತಿಗಿಂತ ಅವರ ಮಾತಿಗೆ ಈ ಹುಡುಗರಲ್ಲಿ ಬೆಲೆ ಹೆಚ್ಚು.

ಮುಂದಿನ ಸಭೆಗೆ ಬರುವಾಗ ಸದಸ್ಯರು ತಮ್ಮ ತಮ್ಮ ಊರಿನ ಸುತ್ತ ಗಾಲಿ ಹುಲ್ಲಿಗಿಳಿದಿರುವ ಜಾಗಗಳನ್ನು ಸರ್ವೆ ನಂಬರು ಸಹಿತ ಬರೆದು ತರಬೇಕೆಂದು ಕೋರುತ್ತೇನೆ. ಸಾರಿಗೆ ಇಲಾಖೆಯ ಹೆಸರಿಗಿರುವ ಮನವಿಯ ಕರಡನ್ನು ಬದಿಗಿಟ್ಟು, ಆ ಪಟ್ಟಿಯೊಡನೆ ಕಡೂರು, ತರೀಕೆರೆ, ಅಜ್ಜಂಪುರದ ತಹಶೀಲ್ದಾರರನ್ನೂ ಆಯಾ ಪಂಚಾಯಿತಿಗಳನ್ನೂ ಕಾಣೋಣ. ಮುಂಗಾರಿಗೆ ಮೊದಲೇ ಕಲ್ಲುಗಳು ನಿಲ್ಲಬೇಕಾದರೆ ಈ ಕೆಲಸ ಬೇಸಗೆಯೊಳಗೆ ಮುಗಿಯಬೇಕು.